ಸುಣ್ಣದ ಬಿಳುಪು, ಪಾಷಾಣದ ಹಸುರು

ಮನೆಗೆ ಬಣ್ಣ ಮಾಡಿಸುವ ಮಾತು ಬಂದಿತೆಂದರೆ ನಾವು ಸಾಮಾನ್ಯವಾಗಿ ಕಣ್ಣನ್ನೊಂದನ್ನೇ ಕೇಳುತ್ತೇವೆ. “ನಡುಮನೆಗೆ ಬಿಳುಪೇ ಲಕ್ಷಣ” ಎಂದು ಹಿರಿಯರು ಹೇಳುತ್ತಾರೆ. ತಮ್ಮ ಕೋಣೆಗೆ ಹಸುರೇ ಬೇಕೆಂದು ಮಕ್ಕಳು ಹಟ ಹಿಡಿಯುತ್ತಾರೆ. ಮನೆಯಾಕೆಗೆ ಕೈಗುರುತು ಕಾಣಿಸದ ಬಣ್ಣ ಬೇಕು. ಯಜಮಾನನಿಗೆ ಖರ್ಚು ಮೀರದ ಬಣ್ಣ ಬೇಕು. ಈ ಚರ್ಚೆಯೆಲ್ಲ ನ್ಯಾಯವಾದುದೇ. ಆದರೆ ಇದರಲ್ಲಿ ಯಾರೂ ಕೇಳದೆ ಉಳಿಯುವ ಪ್ರಶ್ನೆಯೊಂದಿದೆ: ಈ ಬಣ್ಣವನ್ನು ಯಾವುದರಿಂದ ಮಾಡಿದ್ದಾರೆ? ಈ ಪ್ರಶ್ನೆಯನ್ನು ಹೊತ್ತಿಗೆ ಸರಿಯಾಗಿ ಕೇಳದೆ ಹೋದುದರಿಂದ ಯೂರೋಪು ಅಮೆರಿಕಗಳ ಮನೆಗಳಲ್ಲಿ ಸುಮಾರು ನೂರು ವರ್ಷಗಳ ಕಾಲ ಏನೇನು ನಡೆದುಹೋಯಿತೆಂಬುದು ತಿಳಿಯಬೇಕಾದ ಸಂಗತಿ. ಅದಕ್ಕಾಗಿ ಎರಡು ಬಣ್ಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಒಂದು ಸುಣ್ಣದ ಬಿಳುಪು. ಇನ್ನೊಂದು ಪಾಷಾಣದ ಹಸುರು.

ಮೊದಲು ಹೆಸರುಗಳನ್ನು ವಿಚಾರಿಸೋಣ. ಕನ್ನಡದ ಪಾಠ ಹೇಳುವವನಿಗೆ ಅಲ್ಲಿಂದ ಹೊರಡುವುದು ಅಭ್ಯಾಸ. ‘ಚೂರ್ಣ’ ಎಂಬ ಸಂಸ್ಕೃತ ಶಬ್ದ ತದ್ಭವವಾಗಿ ನಮ್ಮಲ್ಲಿ ‘ಸುಣ್ಣ’ವಾಗಿದೆ. ಚೂರ್ಣವೆಂದರೆ ಪುಡಿ. ಸಂಸ್ಕೃತದಲ್ಲಿ ಸುಣ್ಣಕ್ಕೆ ‘ಸುಧೆ’ ಎಂಬ ಇನ್ನೊಂದು ಹೆಸರೂ ಉಂಟು. ಅಮೃತಕ್ಕೂ ಅದೇ ಹೆಸರು. ಸುಧೆಯನ್ನು ಬಳಿದು ಬೆಳ್ಳಗಾದ ದೊಡ್ಡ ಮನೆಯೇ ‘ಸೌಧ’. ಬೆಂಗಳೂರಿನ ವಿಧಾನಸೌಧವನ್ನು ಕಣಶಿಲೆಯಲ್ಲಿ ಕಟ್ಟಿದ್ದರೂ ಅದರ ಹೆಸರಿನಲ್ಲಿ ಹಳೆಯ ಸುಣ್ಣ ಹಾಗೆಯೇ ಉಳಿದುಕೊಂಡಿದೆ. ಇನ್ನು ‘ಪಾಷಾಣ’. ಸಂಸ್ಕೃತದಲ್ಲಿ ಪಾಷಾಣವೆಂದರೆ ಬರಿಯ ಕಲ್ಲು. ಕನ್ನಡದ ಆಡುಮಾತಿನಲ್ಲಿ ಪಾಷಾಣವೆಂದರೆ ವಿಷ. ರಸಾಯನಶಾಸ್ತ್ರಜ್ಞರು ಆರ್ಸೆನಿಕ್ ಎಂದು ಕರೆಯುವ ಧಾತುವಿನಿಂದ ಬಂದ ವಿಷ. ಎರಡೂ ಭೂಮಿಯಿಂದ ಅಗೆದು ತೆಗೆದ ಕಲ್ಲಿನಿಂದಲೇ ಹುಟ್ಟಿದವು. ಒಂದಕ್ಕೆ ಅಮೃತದ ಹೆಸರು ಸಂದಿತು, ಮತ್ತೊಂದಕ್ಕೆ ವಿಷದ ಹೆಸರು.

ಸುಣ್ಣದ ಕೆಲಸ ನೋಡಲು ಸರಳ, ತಿಳಿಯಲು ಸೋಜಿಗ. ಸುಣ್ಣದ ಕಲ್ಲನ್ನಾಗಲಿ ಕಡಲಕರೆಯ ಕಡೆ ಮಾಡುವಂತೆ ಚಿಪ್ಪನ್ನಾಗಲಿ ಗೂಡಿನಲ್ಲಿ ಚೆನ್ನಾಗಿ ಸುಟ್ಟರೆ ಅದರೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತನೆ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ತಿಳಿಯಾಗಿ ಕಲಸಿ ಗೋಡೆಗೆ ಬಳಿದರೆ, ಸುಡುವಾಗ ಕಳೆದುಕೊಂಡ ವಾಯುವನ್ನು ಅದು ಗಾಳಿಯಿಂದ ಮತ್ತೆ ಮೆಲ್ಲಗೆ ಹೀರಿಕೊಂಡು ಕಲ್ಲಾಗುತ್ತದೆ. ಅಂದರೆ ಸುಣ್ಣ ಹೊಡೆದ ಗೋಡೆಯ ಮೇಲಿರುವುದು ತೆಳ್ಳನೆಯ ಒಂದು ಕಲ್ಲಿನ ಪೊರೆ. ಹಸಿಯಾಗಿರುವಾಗ ಸುಣ್ಣ ಬಲವಾದ ಕ್ಷಾರ. ಅನೇಕ ರೋಗಾಣುಗಳು ಅದರಲ್ಲಿ ಬದುಕಲಾರವು, ಬೂಷ್ಟಿಗೂ ಅಲ್ಲಿ ಸುಲಭವಾಗಿ ನೆಲೆ ಸಿಕ್ಕದು. ಅದರ ದೋಷಗಳನ್ನೂ ಹೇಳಬೇಕು. ಕಲಸುವಾಗ ಕಣ್ಣಿಗೆ ಸಿಡಿದರೆ ಅಪಾಯ. ಒಣಗಿದ ಮೇಲೆ ಒರಗಿದವರ ಅಂಗಿಗೆ ಹತ್ತುತ್ತದೆ. ವರ್ಷ ವರ್ಷವೂ ಹೊಸದಾಗಿ ಬಳಿಯಬೇಕು.

ಈ ವಾರ್ಷಿಕ ಕೆಲಸ ನಮಗೆ ಹಬ್ಬದ ಅಂಗವೇ ಆಗಿತ್ತು. ಯುಗಾದಿಯೋ ದೀಪಾವಳಿಯೋ ಹತ್ತಿರ ಬಂದಿತೆಂದರೆ ಮನೆಯ ಸಾಮಾನನ್ನೆಲ್ಲ ಹೊರಗೆ ಹಾಕಿ, ನಾರಿನ ಕುಂಚದಿಂದ ಗೋಡೆಗೆ ಸುಣ್ಣ ಹೊಡೆದು, ಬಿಳುಪು ಕಣ್ಣಿಗೆ ತಂಪಾಗಿ ಕಾಣಲೆಂದು ಚಿಟಿಕೆ ನೀಲಿ ಸೇರಿಸಿ, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದರು. ‘ಸಾರಣೆ ಕಾರಣೆ’ ಎಂಬ ಜೋಡಿಮಾತು ಈ ಸಡಗರದಿಂದಲೇ ಬಂದುದು. ಸುಣ್ಣಕ್ಕಾಗಲಿ ಕೆಮ್ಮಣ್ಣಿಗಾಗಲಿ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಇಂಗ್ಲೆಂಡಿನಲ್ಲಿ ಮಾತ್ರ ಸುಣ್ಣ ಕಾನೂನಿನ ಪುಸ್ತಕವನ್ನೇ ಏರಿತು. ಹದಿನೆಂಟನೆಯ ಶತಮಾನದ ಅಲ್ಲಿನ ಸೆರೆಮನೆಗಳಲ್ಲಿ ‘ಸೆರೆಮನೆಯ ಜ್ವರ’ವೆಂಬ ಬೇನೆ ಹಬ್ಬಿ ಬಂದಿಗಳು ಸಾಯುತ್ತಿದ್ದರು, ವಿಚಾರಣೆಗೆ ಅವರನ್ನು ಕರೆತಂದರೆ ನ್ಯಾಯಾಲಯದವರಿಗೂ ಅದು ಅಂಟುತ್ತಿತ್ತು. ಜಾನ್ ಹೋವರ್ಡ್ ಎಂಬ ಮಹನೀಯನು ಊರೂರಿನ ಸೆರೆಮನೆಗಳನ್ನು ಹೊಕ್ಕು ಕಂಡುದನ್ನು ಪಾರ್ಲಿಮೆಂಟಿನ ಮುಂದೆ ಹೇಳಿದನು. 1774ರಲ್ಲಿ ಬಂದಿಗಳ ಆರೋಗ್ಯ ರಕ್ಷಣೆಗೆಂದು ಒಂದು ಶಾಸನವಾಯಿತು: ವರ್ಷಕ್ಕೆ ಒಂದು ಬಾರಿಯಾದರೂ ಸೆರೆಮನೆಯ ಗೋಡೆಗಳನ್ನೂ ಮೇಲ್ಛಾವಣಿಯನ್ನೂ ಕೆರೆದು ಸುಣ್ಣ ಬಳಿಯತಕ್ಕದ್ದು. 1802ರಲ್ಲಿ ಹತ್ತಿಯ ಗಿರಣಿಗಳಿಗೆ ಇದೇ ವಿಧಿ ಬಂತು. ಅಲ್ಲಿ ದುಡಿಯುತ್ತಿದ್ದ ಎಳೆಯ ಮಕ್ಕಳ ಸಲುವಾಗಿ ಗಿರಣಿಯ ಕೋಣೆಗಳನ್ನು ವರ್ಷಕ್ಕೆ ಎರಡು ಬಾರಿ ಸುಣ್ಣದ ನೀರಿನಿಂದ ತೊಳೆಯಬೇಕೆಂದಾಯಿತು. 1832ರ ಸುಮಾರಿಗೆ ಕಾಲರಾ ಬಂದಾಗ ಬಡವರ ಕೇರಿಗಳಿಗೂ ಸುಣ್ಣದ ಬಕೀಟುಗಳು ಹೋದವು.

ಇದರಿಂದ ಒಂದು ವಿಚಿತ್ರವಾದ ಫಲವೂ ಆಯಿತು. ಸೆರೆಮನೆ, ಗಿರಣಿ, ಅನಾಥಾಲಯ, ಬಡವರ ಬಿಡಾರ, ಇವೆಲ್ಲ ಬಿಳಿಯ ಗೋಡೆಯವಾದುದರಿಂದ ಸುಣ್ಣವೆಂದರೆ ಬಡತನದ ಗುರುತೆಂದಾಯಿತು. ನಾಲ್ಕು ಕಾಸು ಕೂಡಿದ ಗೃಹಸ್ಥನು ಮೊದಲು ಮಾಡುತ್ತಿದ್ದುದು ಗೋಡೆಯ ಬಿಳುಪನ್ನು ಮರೆಮಾಡುವ ಕೆಲಸ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಸುಣ್ಣ ಬಳಿಸಿದ ಆ ಕಾಲದವರ ತರ್ಕ ಪೂರ್ತಿಯಾಗಿ ಸರಿಯಾಗಿರಲಿಲ್ಲ. ಕೆಟ್ಟ ಗಾಳಿಯಿಂದ ರೋಗ ಹುಟ್ಟುತ್ತದೆಂದು ಅವರು ನಂಬಿದ್ದರು. ಸೆರೆಮನೆಯ ಜ್ವರವನ್ನು ಹರಡುವುದು ಮೈಯ ಹೇನು ಎಂಬುದನ್ನು ಷಾರ್ಲ್ ನಿಕೋಲ್ ತೋರಿಸಿಕೊಟ್ಟುದು 1909ರಲ್ಲಿ. ನಮ್ಮ ದೇಶದಲ್ಲಿ 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಮನೆಗಳಿಗೆ ಸುಣ್ಣ ಬಳಿಸುವುದು ಸರ್ಕಾರದ ಮುಖ್ಯ ಉಪಾಯಗಳಲ್ಲಿ ಒಂದಾಗಿತ್ತು. 1898ರಲ್ಲಿ ಅದೇ ಮಾರಿ ಬೆಂಗಳೂರನ್ನೂ ಹೊಕ್ಕಿತು. ಅದೇ 1898ರಲ್ಲಿ ಕರಾಚಿಯಲ್ಲಿ ಪೋಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯನು ಇಲಿಯ ಮೈಯ ಚಿಗಟವೇ ಪ್ಲೇಗಿನ ವಾಹನವೆಂದು ಕಂಡುಹಿಡಿದನು. ಗೋಡೆಯ ಸುಣ್ಣ ಇಲಿಯನ್ನು ತಡೆಯಲಾರದು. ಆದುದರಿಂದ ಸುಣ್ಣವು ಸಂಜೀವಿನಿಯೆಂದು ನಾನು ವಾದಿಸುತ್ತಿಲ್ಲ. ಅದು ಮಾಡಿದ ಒಳಿತಿಗೆ ಒಂದು ಮಿತಿಯಿತ್ತು. ಒಣಗಿ ಗೋಡೆಗೆ ಕೂತ ಮೇಲೆ ಅದು ತನ್ನ ಪಾಡಿಗೆ ಇದ್ದುಬಿಡುತ್ತಿತ್ತು; ಆ ಕೋಣೆಯಲ್ಲಿ ಮಲಗಿದವರಿಗೆ ವಿಷವಾಗಲಿಲ್ಲ. ಈ ಕೊನೆಯ ಗುಣ ಎಷ್ಟು ದೊಡ್ಡದೆಂಬುದು ಹಸುರಿನ ಕಥೆಯನ್ನು ಕೇಳಿದ ಮೇಲೆ ತಿಳಿಯುತ್ತದೆ.

1775ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಷೀಲೆ ಎಂಬ ಔಷಧ ವ್ಯಾಪಾರಿ ಒಂದು ಹೊಸ ಹಸುರನ್ನು ಸಿದ್ಧಪಡಿಸಿದನು. ಈತನು ಸಾಮಾನ್ಯನಲ್ಲ, ಆಮ್ಲಜನಕವನ್ನೂ ಕ್ಲೋರಿನ್ನನ್ನೂ ಕಂಡವನು. ಬಿಳಿಯ ಪಾಷಾಣವನ್ನು ಕ್ಷಾರದೊಂದಿಗೆ ನೀರಿನಲ್ಲಿ ಕರಗಿಸಿ, ಬಿಸಿಯಾದ ಮೈಲುತುತ್ತದ ನೀರಿಗೆ ಬೆರೆಸಿದರೆ ಹಸುರು ಪುಡಿ ತಳಕ್ಕೆ ಇಳಿಯುತ್ತಿತ್ತು. ಅದೇ ‘ಷೀಲೆಯ ಹಸುರು’. 1814ರಲ್ಲಿ ಜರ್ಮನಿಯ ಷ್ವೈನ್‌ಫುರ್ಟ್ ಎಂಬ ಊರಿನಲ್ಲಿ ಇದಕ್ಕಿಂತಲೂ ಉಜ್ಜ್ವಲವಾದ, ಬೇಗ ಮಾಸದ ಇನ್ನೊಂದು ಹಸುರು ಹುಟ್ಟಿತು. ಅದೂ ತಾಮ್ರ ಪಾಷಾಣಗಳ ಕೂಟವೇ. ಇಂಗ್ಲೆಂಡಿನ ಅಂಗಡಿಗಳಲ್ಲಿ ಅದಕ್ಕೆ ಪಚ್ಚೆಯ ಹಸುರೆಂದು ಹೆಸರಾಯಿತು.

ಈ ಬಣ್ಣಕ್ಕೆ ಜನ ಮನಸೋತುದರಲ್ಲಿ ಆಶ್ಚರ್ಯವಿಲ್ಲ. ಕಲ್ಲಿದ್ದಲ ಹೊಗೆಯಿಂದ ಕಪ್ಪಾದ ಪಟ್ಟಣಗಳಲ್ಲಿ ಬಿಳಿಯ ಗೋಡೆ ತಿಂಗಳೊಪ್ಪತ್ತಿನಲ್ಲಿ ಮಾಸುತ್ತಿತ್ತು. ಹಿಂದಿನ ಹಸುರುಗಳು ಮಂಕಾಗಿದ್ದವು. ಮೇಣದ ಬತ್ತಿಯ ಬೆಳಕಿನಲ್ಲೂ ಗ್ಯಾಸಿನ ದೀಪದಲ್ಲೂ ಈ ಹೊಸ ಹಸುರು ಚಿಗುರಿದ ತೋಟದಂತೆ ನಳನಳಿಸುತ್ತಿತ್ತು. ಹಳ್ಳಿಯನ್ನು ಬಿಟ್ಟು ಪಟ್ಟಣ ಸೇರಿದವರಿಗೆ ಗೋಡೆಯ ಮೇಲೆ ಸ್ವಲ್ಪ ಹಸುರಿದ್ದರೆ ಎಂಥ ಸಮಾಧಾನ! 1712ರಿಂದ ಗೋಡೆಗಾಗಿ ಮುದ್ರಿಸಿದ ಬಣ್ಣದ ಕಾಗದದ ಮೇಲೆ ಇಂಗ್ಲೆಂಡಿನಲ್ಲಿ ತೆರಿಗೆಯಿತ್ತು. 1836ರಲ್ಲಿ ಅದನ್ನು ತೆಗೆದುಹಾಕಿದರು. ಯಂತ್ರದ ಮುದ್ರಣವೂ ಬಂತು. ಕಾಗದ ಅಗ್ಗವಾಗಿ ಈ ಹಸುರು ಸಾಮಾನ್ಯ ಗೃಹಸ್ಥರ ಮಲಗುವ ಕೋಣೆಗಳನ್ನು ಹೊಕ್ಕಿತು. ಗೋಡೆಯಲ್ಲಿ, ಮಕ್ಕಳ ಆಟದ ಸಾಮಾನಿನಲ್ಲಿ, ಹೆಂಗಸರ ಉಡುಪಿನಲ್ಲಿ, ಕೃತಕವಾದ ಹೂವು ಎಲೆಗಳಲ್ಲಿ, ಎಲ್ಲಿ ನೋಡಿದರೂ ಅದೇ ಹಸುರು.

ಎಚ್ಚರಿಕೆಯ ಮಾತು ಬೇಗನೆ ಬಾರದಿರಲಿಲ್ಲ. 1839ರಲ್ಲಿಯೇ ಜರ್ಮನಿಯ ರಸಾಯನಜ್ಞ ಲಿಯೋಪೋಲ್ಡ್ ಗ್ಮೆಲಿನ್, ತೇವವಾದ ಕೋಣೆಗಳಲ್ಲಿ ಈ ಹಸುರಿನಿಂದ ಕೆಟ್ಟ ವಾಸನೆಯೊಂದು ಹೊರಟು ಕಾಯಿಲೆ ತರುತ್ತದೆಂದು ಪತ್ರಿಕೆಯಲ್ಲಿ ಬರೆದನು. ಜನ ಕಿವಿಗೊಡಲಿಲ್ಲ. 1861ರಲ್ಲಿ ಲಂಡನ್ನಿನಲ್ಲಿ, ಕೃತಕ ಎಲೆಗಳ ಮೇಲೆ ಹಸುರು ಪುಡಿಯನ್ನು ಉದುರಿಸುವ ಕೆಲಸದಲ್ಲಿದ್ದ 19 ವರ್ಷದ ಹುಡುಗಿಯೊಬ್ಬಳು ಪಾಷಾಣದಿಂದ ನರಳಿ ಸತ್ತಳು. ಮರುವರ್ಷ ಫೆಬ್ರವರಿಯಲ್ಲಿ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಹಾಫ್‌ಮನ್ ಈ ಹಸುರಿನ ಉಡುಪು ಅಲಂಕಾರಗಳನ್ನು ಕುರಿತು ‘ದಿ ಟೈಮ್ಸ್’ ಪತ್ರಿಕೆಯಲ್ಲಿ ‘ಮೃತ್ಯುನೃತ್ಯ’ವೆಂಬ ಅರ್ಥದ ತಲೆಬರೆಹದಲ್ಲಿ ಲೇಖನ ಬರೆದನು.

ಅದೇ 1862ರಲ್ಲಿ ಲಂಡನ್ನಿನ ಲೈಮ್‌ಹೌಸ್ ಎಂಬ ಕೇರಿಯಲ್ಲಿ ಒಂದೇ ಮನೆಯ ನಾಲ್ಕು ಮಕ್ಕಳು ಒಂದರ ಹಿಂದೆ ಒಂದು ತೀರಿಕೊಂಡವು. ಡಿಫ್ತೀರಿಯಾ ಎಂಬ ಗಂಟಲುಬೇನೆಯೆಂದು ಮೊದಲು ಎಲ್ಲರೂ ತಿಳಿದಿದ್ದರು. ಆದರೆ ಅಕ್ಕಪಕ್ಕದ ಮನೆಗಳಿಗೆ ಆ ಬೇನೆ ಹಬ್ಬಲಿಲ್ಲ. ಕೊಳಚೆಯ ದೋಷವೂ ಅಲ್ಲಿ ಕಾಣಲಿಲ್ಲ. ಥಾಮಸ್ ಆರ್ಟನ್ ಎಂಬ ವೈದ್ಯನ ಕಣ್ಣು ಮಲಗುವ ಕೋಣೆಯ ಹಸುರು ಗೋಡೆಯ ಮೇಲೆ ಬಿತ್ತು. ಕಾಗದವನ್ನು ಪರೀಕ್ಷಿಸಿದಾಗ ಪಾಷಾಣ ಸಿಕ್ಕಿತು. ಲೈಮ್‌ಹೌಸ್ ಎಂಬ ಹೆಸರು ಬಂದುದಾದರೂ ಎಲ್ಲಿಂದ? ಹಿಂದೆ ಅಲ್ಲಿ ಸುಣ್ಣದ ಗೂಡುಗಳಿದ್ದವು. ಸುಣ್ಣದಿಂದ ಹೆಸರು ಪಡೆದ ಊರಿನಲ್ಲಿ ಹಸುರು ಗೋಡೆ ಮಕ್ಕಳನ್ನು ನುಂಗಿತು.

ಓದುಗರು ಕೇಳಬಹುದು: ಕಣ್ಣೆದುರಿಗೆ ಇಷ್ಟು ನಡೆದರೂ ಜನ ಏಕೆ ನಂಬಲಿಲ್ಲ? ಕಾರಣಗಳು ಇದ್ದವು. ಹಸುರು ಕೋಣೆಯಲ್ಲಿದ್ದವರೆಲ್ಲ ಕಾಯಿಲೆ ಬೀಳುತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ಗಂಡ ಗಟ್ಟಿಮುಟ್ಟಾಗಿರಬಹುದು, ಹೆಂಡತಿ ಸೊರಗಬಹುದು. ತಲೆನೋವು, ಕಣ್ಣುರಿ, ವಾಂತಿ, ನಿಶ್ಶಕ್ತಿ ಮೊದಲಾದವು ನೂರು ಕಾರಣಗಳಿಂದ ಬರುವಂಥವು. ವೈದ್ಯರು ಹವಾ ಬದಲಾವಣೆಗೆಂದು ರೋಗಿಯನ್ನು ಸಮುದ್ರತೀರಕ್ಕೆ ಕಳುಹಿಸಿದರೆ ಗುಣವಾಗುತ್ತಿತ್ತು. ಮನೆಗೆ ಬಂದೊಡನೆ ಮತ್ತೆ ಮರುಕಳಿಸುತ್ತಿತ್ತು. ಗುಣಪಡಿಸಿದುದು ಕಡಲ ಗಾಳಿಯೆಂದು ಎಲ್ಲರೂ ಹೊಗಳಿದರು. ಬಿಟ್ಟುಬಂದ ಗೋಡೆಯ ನೆನಪು ಯಾರಿಗೂ ಆಗಲಿಲ್ಲ.

ವ್ಯಾಪಾರದ ಹಿತವೂ ಅಡ್ಡ ನಿಂತಿತು. ಹೂಬಳ್ಳಿಗಳ ಗೋಡೆಕಾಗದಗಳಿಗೆ ಹೆಸರಾದ ವಿಲಿಯಂ ಮಾರಿಸ್ ದೊಡ್ಡ ಕಲಾವಿದ, ಕವಿ, ಕೂಲಿಗಾರರ ಪರವಾಗಿ ಮಾತನಾಡಿದವನು. ಆತನ ಮನೆತನದ ಸಂಪತ್ತು ಬಂದುದು ಡೆವನ್ ಪ್ರಾಂತದ ತಾಮ್ರದ ಗಣಿಯಿಂದ. ಆ ಗಣಿ ಮುಂದೆ ಪಾಷಾಣವನ್ನು ಹೇರಳವಾಗಿ ತೆಗೆಯತೊಡಗಿತು. 1871ರಿಂದ 1875ರ ವರೆಗೆ ಮಾರಿಸನೇ ಅದರ ನಿರ್ದೇಶಕರಲ್ಲಿ ಒಬ್ಬನಾಗಿದ್ದನು. ಗೋಡೆಯ ಬಣ್ಣದಿಂದ ವಿಷವೇರುತ್ತದೆಂಬ ವೈದ್ಯರ ಮಾತನ್ನು ಅವನು 1885ರಲ್ಲಿಯೂ ನಂಬಿರಲಿಲ್ಲ. ಅವನ ಮೊದಮೊದಲ ಕಾಗದಗಳಲ್ಲೊಂದರ ಹಸುರಿನಲ್ಲಿ ಪಾಷಾಣವಿತ್ತೆಂಬುದನ್ನು 2003ರಲ್ಲಿ ವಿಜ್ಞಾನಿಗಳು ಪರೀಕ್ಷಿಸಿ ಖಚಿತಪಡಿಸಿದರು. ಸಜ್ಜನನಾದ ಮಾತ್ರಕ್ಕೆ ತನ್ನ ಹಿತಕ್ಕೆ ವಿರುದ್ಧವಾದ ಸತ್ಯ ಮನುಷ್ಯನಿಗೆ ಸುಲಭವಾಗಿ ಕಾಣುವುದಿಲ್ಲ.

ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ರಾಬರ್ಟ್ ಕೆಡ್ಜಿ ಎಂಬ ವೈದ್ಯ ಬೇರೊಂದು ದಾರಿ ಹಿಡಿದನು. 1874ರಲ್ಲಿ ಅವನು ಪಾಷಾಣವುಳ್ಳ ಗೋಡೆಕಾಗದದ 86 ತುಂಡುಗಳನ್ನೇ ಹಾಳೆಗಳಾಗಿ ಸೇರಿಸಿ ಪುಸ್ತಕ ಕಟ್ಟಿಸಿ, 100 ಪ್ರತಿಗಳನ್ನು ಆ ಪ್ರಾಂತದ ಪುಸ್ತಕಾಲಯಗಳಿಗೆ ಹಂಚಿದನು. ‘ಸಾವಿನ ಗೋಡೆಗಳಿಂದ ಬಂದ ನೆರಳುಗಳು’ ಎಂಬುದು ಅದರ ಹೆಸರಿನ ಅರ್ಥ. ಜನ ಕಣ್ಣಾರೆ ಕಂಡು ತಮ್ಮ ಮನೆಯ ಕಾಗದದೊಂದಿಗೆ ಹೋಲಿಸಿಕೊಳ್ಳಲಿ ಎಂಬುದು ಅವನ ಇಷ್ಟ. ಆದರೆ ಮುಟ್ಟಿದರೆ ವಿಷವಾಗುವ ಪುಸ್ತಕವನ್ನು ಕಪಾಟಿನಲ್ಲಿ ಇಡುವವರು ಯಾರು? ಬಹುಪಾಲು ಪ್ರತಿಗಳನ್ನು ಕಾಲಕ್ರಮದಲ್ಲಿ ನಾಶಮಾಡಿಬಿಟ್ಟರು. ಈಗ ಉಳಿದಿರುವುದು ಬೆರಳೆಣಿಕೆಯಷ್ಟು.

ವಿಷ ಗೋಡೆಯಿಂದ ಮನುಷ್ಯನ ಮೈಗೆ ಹೇಗೆ ದಾಟುತ್ತಿತ್ತು? ಒಣಗಿದ ಬಣ್ಣ ಪುಡಿಪುಡಿಯಾಗಿ ಉದುರಿ ಧೂಳಿನೊಡನೆ ಬೆರೆಯುತ್ತಿತ್ತೆಂಬುದು ಒಂದು ಉತ್ತರ. 1890ರ ದಶಕದ ಆರಂಭದಲ್ಲಿ ಇಟಲಿಯ ಬಾರ್ತೊಲೊಮೆಯೊ ಗೋಸಿಯೊ ಮತ್ತೊಂದು ಉತ್ತರ ಕೊಟ್ಟನು. ಪಾಷಾಣ ಸೇರಿಸಿದ ಆಲೂಗಡ್ಡೆಯ ಹಿಟ್ಟಿನ ಮೇಲೆ ಬೂಷ್ಟನ್ನು ಬೆಳೆಸಿದರೆ ಬೆಳ್ಳುಳ್ಳಿಯ ವಾಸನೆಯ ಅನಿಲವೊಂದು ಹೊರಡುತ್ತದೆಂದು ಅವನು ತೋರಿಸಿದನು. ತೇವವಾದ ಗೋಡೆಯಲ್ಲಿ ಅಂಟಿನ ಮೇಲೆ ಬೂಷ್ಟು ಬೆಳೆದರೆ ಅದೇ ಅನಿಲ ಮನೆಯೊಳಗೆ ಹೊರಡಬೇಕಲ್ಲವೆ? ಆ ಅನಿಲದ ರಚನೆಯನ್ನು 1932ರಲ್ಲಿ ಇಂಗ್ಲೆಂಡಿನ ಚಾಲೆಂಜರ್ ನಿರ್ಧರಿಸಿದನು. ಇತ್ತೀಚಿನ ಸಂಶೋಧಕರು ಈ ಅನಿಲಕ್ಕಿಂತ ಧೂಳಿನ ಮೇಲೆಯೇ ಹೆಚ್ಚು ಗುಮಾನಿ ಪಡುತ್ತಾರೆ. ಹೇಗಾದರಾಗಲಿ, ದಾರಿ ಗೋಡೆಯಿಂದಲೇ ಹೊರಡುತ್ತದೆ.

ರೇಡಿಯೋ ಕೇಳುವವರಿಗೆ ವಿಶೇಷವಾಗಿ ಹಿಡಿಸಬಹುದಾದ ಒಂದು ಪ್ರಸಂಗ ಇಲ್ಲಿದೆ. ಚಕ್ರವರ್ತಿ ನೆಪೋಲಿಯನ್ 1821ರ ಮೇ 5ರಂದು ಸೇಂಟ್ ಹೆಲಿನಾ ದ್ವೀಪದ ಲಾಂಗ್‌ವುಡ್ ಎಂಬ ತೇವವಾದ ಮನೆಯಲ್ಲಿ ತೀರಿಕೊಂಡನು. ಅವನ ಕೂದಲಿನಲ್ಲಿ ಪಾಷಾಣವಿದ್ದುದನ್ನು ಕಂಡು, ಯಾರೋ ವಿಷವಿಕ್ಕಿದರೆಂದು ಕೆಲವರು ವಾದಿಸಿದರು. 1980ರಲ್ಲಿ ಡೇವಿಡ್ ಜೋನ್ಸ್ ಎಂಬ ರಸಾಯನಜ್ಞ ಇಂಗ್ಲೆಂಡಿನ ರೇಡಿಯೋದಲ್ಲಿ ಮಾತನಾಡುತ್ತ, ನೆಪೋಲಿಯನ್ನನ ಕೋಣೆಯ ಗೋಡೆಕಾಗದದ ಬಣ್ಣ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದನು. ಕೇಳುತ್ತಿದ್ದ ಮಹಿಳೆಯೊಬ್ಬರು ಅವನಿಗೆ ಕಾಗದ ಬರೆದರು. ಅವರ ಬಳಿಯಿದ್ದ ಹಳೆಯ ಸಂಗ್ರಹದ ಪುಸ್ತಕದಲ್ಲಿ ಲಾಂಗ್‌ವುಡ್ಡಿನ ಕೋಣೆಯಿಂದ ತಂದ ತುಂಡೊಂದನ್ನು ಅಂಟಿಸಿತ್ತು! ಅದರ ನಕ್ಷತ್ರದ ಚಿತ್ರದಲ್ಲಿ ಹಸುರಿತ್ತು, ಹಸುರಿನಲ್ಲಿ ಪಾಷಾಣವಿತ್ತು. 1982ರಲ್ಲಿ ಇದರ ವಿವರ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಮೈ ಕೆಡಿಸಲು ಅದು ಸಾಲಬಹುದು, ಕೊಲ್ಲುವಷ್ಟಿತ್ತೆಂದು ಹೇಳಲಾಗದು ಎಂಬುದು ಅವರ ಅಭಿಪ್ರಾಯ. ನೆಪೋಲಿಯನ್ನನ ಸಾವಿಗೆ ಜಠರದ ಕ್ಯಾನ್ಸರೇ ಕಾರಣವೆಂದು ಇಂದಿನ ವೈದ್ಯರಲ್ಲಿ ಹೆಚ್ಚಿನವರು ತಿಳಿಯುತ್ತಾರೆ.

ಕೊನೆಗೆ ಈ ಹಸುರು ಹೋದುದು ಹೇಗೆ? ಸ್ವೀಡನ್ ಮತ್ತು ಜರ್ಮನಿಯಂಥ ದೇಶಗಳು ಕಾಯಿದೆ ಮಾಡಿದವು. ಬ್ರಿಟಿಷ್ ಪಾರ್ಲಿಮೆಂಟು ಗೋಡೆಕಾಗದದ ಪಾಷಾಣವನ್ನು ನಿಷೇಧಿಸುವ ಕಾನೂನನ್ನು ಮಾಡಲೇ ಇಲ್ಲ. ಕೊಳ್ಳುವವರು ಹೆದರಿ ಹಿಂಜರಿದುದರಿಂದ, ಸುಮಾರು 1880ರ ಹೊತ್ತಿಗೆ ಕಾರ್ಖಾನೆಯವರು ‘ಪಾಷಾಣವಿಲ್ಲದ್ದು’ ಎಂದು ಜಾಹೀರಾತು ಕೊಡಲು ಮೊದಲುಮಾಡಿದರು. ಅಷ್ಟರಲ್ಲಿ ಅದೇ ಪಚ್ಚೆಯ ಹಸುರು ‘ಪ್ಯಾರಿಸ್ ಹಸುರು’ ಎಂಬ ಹೆಸರಿನಲ್ಲಿ ಅಮೆರಿಕದ ಆಲೂಗಡ್ಡೆಯ ಹೊಲಗಳಲ್ಲಿ ಕೀಟಗಳನ್ನು ಕೊಲ್ಲುವ ಮದ್ದಾಗಿತ್ತು.

ಈಗ ಎರಡು ಗೋಡೆಗಳನ್ನೂ ಒಟ್ಟಿಗೆ ನೋಡಿರಿ. ಬಂದಿಯ ಗೋಡೆಗೂ ಕೂಲಿಯ ಗೋಡೆಗೂ ಎಂಥ ಬಣ್ಣವಿರಬೇಕೆಂದು ಶಾಸನ ಹೇಳಿತು. ವರ್ಷಕ್ಕೆ ಎಷ್ಟು ಬಾರಿಯೆಂಬುದನ್ನೂ ಹೇಳಿತು. ಗೃಹಸ್ಥನ ಗೋಡೆಯಲ್ಲಿ ವಿಷವಿದೆಯೆಂದು ವೈದ್ಯರು ದೂರಿದಾಗ, ಅದು ಅವನ ಅಭಿರುಚಿಯ ಮಾತು, ವ್ಯಾಪಾರಿಯ ಸ್ವಾತಂತ್ರ್ಯದ ಮಾತು ಎಂದು ಅದೇ ಶಾಸನಸಭೆ ಸುಮ್ಮನಾಯಿತು. ಬಡತನದ ಗುರುತೆಂದು ಜರೆದ ಬಿಳುಪು ತನ್ನ ಮನೆಯವರನ್ನು ನೋಯಿಸಲಿಲ್ಲ. ಗೌರವದ ಗುರುತೆಂದು ಹಣ ತೆತ್ತು ತಂದ ಹಸುರು ತಂದವರ ಮಕ್ಕಳನ್ನೇ ನೋಯಿಸಿತು.

ಹಾಗೆಂದು ಬಿಳುಪೆಲ್ಲ ಒಳ್ಳೆಯದು, ಹಸುರೆಲ್ಲ ಕೆಟ್ಟದ್ದು ಎಂದು ಯಾರೂ ತೀರ್ಮಾನಿಸಬಾರದು. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆ ಗೋಡೆಯ ವಿಷಯದಲ್ಲಿ ಅಕ್ಷರಶಃ ನಿಜ. ಎಣ್ಣೆಯಲ್ಲಿ ಅರೆದು ಮರಕ್ಕೂ ಗೋಡೆಗೂ ಬಳಿಯುತ್ತಿದ್ದ ಹಳೆಯ ಬಿಳಿಯ ಬಣ್ಣ ಸುಣ್ಣದ್ದಲ್ಲ, ಸೀಸದ್ದು. 1904ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ನೇತ್ರವೈದ್ಯನು, ಮಕ್ಕಳಿಗೆ ಬರುತ್ತಿದ್ದ ಸೀಸದ ವಿಷಕ್ಕೆ ಜಗಲಿಯ ಕಟಕಟೆಯ ಮೇಲೆ ಪುಡಿಯೇಳುತ್ತಿದ್ದ ಬಣ್ಣವೇ ಮೂಲವೆಂದು ಹೇಳಿದನು. ಮಗು ಕಟಕಟೆ ಹಿಡಿದು ಆಡುತ್ತದೆ, ಬೆರಳನ್ನು ಬಾಯಿಗೆ ಇಡುತ್ತದೆ, ಅಷ್ಟು ಸಾಕು. ಅಲ್ಲಿ ಕಾನೂನು ಬಂದುದು 1922ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1921ರಲ್ಲಿ, ಜಿನೀವಾದ ಕಾರ್ಮಿಕ ಸಮ್ಮೇಳನವು ಮನೆಯೊಳಗಿನ ಬಣ್ಣಕ್ಕೆ ಬಿಳಿಯ ಸೀಸವನ್ನು ಬಳಸಬಾರದೆಂದು ಒಪ್ಪಂದ ಮಾಡಿತ್ತು. ಅಮೆರಿಕದಲ್ಲಿ ಮನೆಯ ಬಣ್ಣದಿಂದ ಸೀಸ ಹೊರಬಿದ್ದುದು 1978ರಲ್ಲಿ. ನಮ್ಮ ದೇಶದಲ್ಲಿ 2016ರಲ್ಲಿ ನಿಯಮವಾಯಿತು; 2017ರ ನವೆಂಬರ್ 1ರಿಂದ ಮನೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು. ಒಬ್ಬ ವೈದ್ಯ ಬೆರಳಿಟ್ಟು ತೋರಿಸಿದ್ದಕ್ಕೂ ನಮ್ಮಲ್ಲಿ ನಿಯಮ ಜಾರಿಗೆ ಬಂದುದಕ್ಕೂ ನಡುವೆ 113 ವರ್ಷ ಕಳೆದಿತ್ತು. ಸೀಸದ ವಿಷಯದಲ್ಲಿ, ಇಷ್ಟಾದರೆ ಅಪಾಯವಿಲ್ಲ ಎನ್ನಬಹುದಾದ ಮಿತಿಯೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದುದರಿಂದ ಓದುಗರಲ್ಲಿ ನನ್ನ ಅರಿಕೆ ಇಷ್ಟೆ. ನಿಮ್ಮ ಕೋಣೆಗೆ ಬಿಳುಪನ್ನು ಬಳಿಸಿರಿ, ಹಸುರನ್ನು ಬಳಿಸಿರಿ. ಅದು ನಿಮ್ಮ ಕಣ್ಣಿಗೆ ಬಿಟ್ಟುದು. ಇಂದಿನ ಹಸುರುಗಳಲ್ಲಿ ಷೀಲೆಯ ಪಾಷಾಣವಿಲ್ಲ. ಆದರೆ ಡಬ್ಬವನ್ನು ಕೊಳ್ಳುವ ಮುಂಚೆ ಅದರ ಮೇಲೆ ಸೀಸದ ವಿಷಯ ಏನು ಬರೆದಿದೆಯೆಂದು ಓದಿಕೊಳ್ಳಿರಿ. ಬರೆದಿರದಿದ್ದರೆ ಅಂಗಡಿಯವರನ್ನು ಕೇಳಿರಿ. ಹಳೆಯ ಮನೆಯಾದರೆ ಬಾಗಿಲು ಕಿಟಕಿಗಳ ಎಣ್ಣೆಬಣ್ಣವನ್ನು ಒಣಗಿದಂತೆಯೇ ಉಜ್ಜಿಸಬೇಡಿರಿ. ನೀರು ಚಿಮುಕಿಸಿ ಒದ್ದೆಮಾಡಿ ಕೆರೆಸಿರಿ. ಆ ಕೆಲಸ ಮುಗಿದು ನೆಲವನ್ನು ಒದ್ದೆಬಟ್ಟೆಯಿಂದ ಒರೆಸುವ ತನಕ ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆ ಕಡೆ ಇರಿಸಿರಿ. ಬಣ್ಣದ ಕೆಲಸಕ್ಕೆ ಬಂದವರಿಗೂ ಮೂಗಿಗೆ ಕಟ್ಟಿಕೊಳ್ಳಲು ತಕ್ಕ ಮುಸುಕು ಕೊಡಿರಿ; ದಿನವೆಲ್ಲ ಆ ಧೂಳಿನಲ್ಲಿ ನಿಲ್ಲುವವರು ಅವರೇ. ಲೈಮ್‌ಹೌಸಿನ ತಾಯಿತಂದೆಗಳಿಗೆ ಇಂಥ ಮಾತನ್ನು ಹೊತ್ತಿಗೆ ಮುಂಚೆ ಹೇಳುವವರು ಯಾರೂ ಇರಲಿಲ್ಲ.